ಫಿಟ್ಟರ್ ಕೆಲಸದಿಂದ ಜರ್ಮನಿಯ ನಗರ ಕೌನ್ಸಿಲ್‌ಗೆ: ನನ್ನ ಅನುಭವ

ಜರ್ಮನಿಯಲ್ಲಿ ರಾಜಕೀಯಕ್ಕೆ ಬರಬೇಕು ಅನ್ನುವ ಕೆಲಸಗಾರರಿಗೆ ನಾನು ಹೇಳುವುದು ಇಷ್ಟೇ: ಪಕ್ಷದ ಕಚೇರಿಗೆ ಆಮೇಲೆ ಹೋಗಿ, ಮೊದಲು ನಿಮ್ಮ ಕಾರ್ಖಾನೆಯ ಬೆಟ್ರೀಬ್ಸ್‌ರಾಟ್‌ಗೆ, ಅಂದರೆ ಕೆಲಸಗಾರರ ಸಮಿತಿಯ ಚುನಾವಣೆಗೆ ನಿಲ್ಲಿ.

ನಾನು ಪೀಣ್ಯದಲ್ಲಿ ಫಿಟ್ಟರ್ ಆಗಿದ್ದವನು. ಹೆಂಡತಿಗೆ ಕೆಲಸ ಸಿಕ್ಕಿ 2013ರಲ್ಲಿ ಸ್ಟುಟ್‌ಗಾರ್ಟ್ ಕಡೆ ಬಂದೆವು. ನನ್ನ ಐಟಿಐ ಸರ್ಟಿಫಿಕೇಟಿಗೆ ಇಲ್ಲಿ ಪೂರ್ತಿ ಮಾನ್ಯತೆ ಸಿಗಲಿಲ್ಲ. ಬಾಕಿ ಉಳಿದದ್ದನ್ನು ಒಂದು ಕಾರ್ಖಾನೆಯಲ್ಲಿ ಕಲಿತು ಮುಗಿಸಿದೆ, ಅಲ್ಲೇ ಕೆಲಸವೂ ಸಿಕ್ಕಿತು. ಲೋಹದ ಕಾರ್ಖಾನೆಗಳ ಕೆಲಸಗಾರರ ಐ.ಜಿ. ಮೆಟಾಲ್ ಯೂನಿಯನ್‌ಗೆ ಸೇರಿದೆ. ಸಂಬಳದಲ್ಲಿ ನೂರಕ್ಕೆ ಒಂದು ಪಾಲು ಚಂದಾ.

ಬೆಟ್ರೀಬ್ಸ್‌ರಾಟ್ ಅಂದರೆ ಯೂನಿಯನ್ ಅಲ್ಲ. ಕಾರ್ಖಾನೆಯ ಎಲ್ಲ ಕೆಲಸಗಾರರೂ 4 ವರ್ಷಕ್ಕೊಮ್ಮೆ ಆರಿಸುವ ಸಮಿತಿ. ಓವರ್‌ಟೈಮ್ ಹಾಕಲು, ಶಿಫ್ಟ್ ಬದಲಿಸಲು ಮಾಲೀಕರು ಇದರ ಒಪ್ಪಿಗೆ ಪಡೆಯಲೇಬೇಕು. 6 ತಿಂಗಳು ಕೆಲಸ ಮಾಡಿದ್ದರೆ ಸಾಕು, ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ನಿಲ್ಲಬಹುದು. 2018ರಲ್ಲಿ ನಿಂತು ಗೆದ್ದೆ.

ಅಲ್ಲಿ ಜಾಸ್ತಿ ಬಂದ ದೂರು ಒಂದೇ. ಬೆಳಗಿನ ಶಿಫ್ಟ್ 6ಕ್ಕೆ, ಊರಿನ ಶಿಶುವಿಹಾರ ತೆರೆಯುವುದು 7ಕ್ಕೆ. ಮಗುವನ್ನು ಎಲ್ಲಿ ಬಿಡುವುದು? ಶಿಫ್ಟ್ ಪಟ್ಟಿಯನ್ನು ಎಷ್ಟು ತಿದ್ದಿದರೂ ಮುಗಿಯದ ಸಮಸ್ಯೆ. ಶಿಶುವಿಹಾರ ನಗರಾಡಳಿತದ್ದು. ಹಾಗಾಗಿ ಎಸ್‌ಪಿಡಿ (ಸೋಷಿಯಲ್ ಡೆಮಾಕ್ರಟಿಕ್) ಪಕ್ಷದ ಸಭೆಗಳಿಗೆ ಹೋಗತೊಡಗಿದೆ.

ಇದು ಹೊಸ ದಾರಿಯೇನಲ್ಲ. 1919ರಲ್ಲಿ ಜರ್ಮನಿಯ ರಾಷ್ಟ್ರಾಧ್ಯಕ್ಷರಾದ ಇದೇ ಪಕ್ಷದ ಫ್ರೀಡ್ರಿಷ್ ಎಬರ್ಟ್ ಕುದುರೆ ಜೀನು ಹೊಲಿಯುವ ಕಸುಬಿನವರು. 1900ರ ಹೊತ್ತಿಗೆ ಬ್ರೆಮೆನ್ ಶಾಸನಸಭೆಗೆ ಬಂದಿದ್ದರು. ಆ ಊರಿನಲ್ಲೇ ಕೆಲಸಗಾರರಿಗೆ ಕಾನೂನು ಸಲಹೆ ಕೊಡುತ್ತಿದ್ದರು.

ಪಕ್ಷ ಸೇರಲು ಪೌರತ್ವ ಬೇಕಿಲ್ಲ. ಕೌನ್ಸಿಲ್‌ಗೆ ನಿಲ್ಲಲು ಮಾತ್ರ ಜರ್ಮನಿಯದೋ ಐರೋಪ್ಯ ಒಕ್ಕೂಟದ್ದೋ ಪೌರತ್ವ ಬೇಕು. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಟ್ಟೆ. ಅದನ್ನು ಅಮ್ಮನಿಗೆ ಫೋನಿನಲ್ಲಿ ಹೇಳುವುದು ಚುನಾವಣೆಗಿಂತ ಕಷ್ಟವಾಯಿತು.

ಚುನಾವಣೆ 2024ರ ಜೂನ್ 9ರಂದು. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಕೌನ್ಸಿಲ್‌ನಲ್ಲಿ ಎಷ್ಟು ಸೀಟೋ ಅಷ್ಟು ಮತ ಒಬ್ಬೊಬ್ಬ ಮತದಾರರಿಗೆ. ಒಬ್ಬ ಅಭ್ಯರ್ಥಿಗೆ 3ರ ತನಕ ಹಾಕಬಹುದು, ಬೇರೆ ಪಕ್ಷದ ಪಟ್ಟಿಯಿಂದಲೂ ಆರಿಸಬಹುದು. ನನ್ನ ಹೆಸರು ಪಟ್ಟಿಯಲ್ಲಿ ಕೆಳಗಿತ್ತು. ಶಿಫ್ಟ್‌ನವರು, ಅವರ ಮನೆಯವರು ಮೂರು ಮೂರು ಮತ ಹಾಕಿ ಮೇಲಕ್ಕೆ ತಂದರು. ಈ ಪದ್ಧತಿ ಇಲ್ಲದಿದ್ದರೆ ನಾನು ಗೆಲ್ಲುತ್ತಿರಲಿಲ್ಲ.

ಕೌನ್ಸಿಲ್‌ಗೆ ಸಂಬಳ ಇಲ್ಲ, ಸಣ್ಣ ಭತ್ಯೆ ಅಷ್ಟೇ. ಈಗಲೂ ನಾನು ಫಿಟ್ಟರ್. ಒಂದು ಶಿಶುವಿಹಾರವನ್ನಾದರೂ ಬೆಳಿಗ್ಗೆ 5:30ಕ್ಕೆ ತೆರೆಯಬೇಕೆಂದು ಕೇಳುತ್ತಿದ್ದೇವೆ. ಅಷ್ಟು ಬೇಗ ಬರುವ ಸಿಬ್ಬಂದಿ ಸಿಗುವುದಿಲ್ಲ ಅನ್ನುತ್ತಾರೆ, ಅದೂ ನಿಜ. ಆ ಸಿಬ್ಬಂದಿಯೂ ಕೆಲಸಗಾರರೇ ಅಲ್ವಾ? ಅವರು ಒಪ್ಪದೆ ಸಮಯ ಬದಲಿಸುವುದು ಬೇಡ ಎಂದು ಮೊದಲು ಅವರ ಪ್ರತಿನಿಧಿಗಳ ಜೊತೆಯೇ ಮಾತಿಗೆ ಕೂತಿದ್ದೇವೆ.