ಸ್ಕ್ರೀನ್ ರೀಡರ್‌ಗೂ ಓದಲು ಬರುವಂಥ ಕ್ಲಾಸ್ ನೋಟ್ಸ್ ಮಾಡುವುದು ಹೇಗೆ?

ನೋಟ್ಸ್ ಅಪ್‌ಲೋಡ್ ಮಾಡಿದರೆ ಎಲ್ಲ ವಿದ್ಯಾರ್ಥಿಗಳಿಗೂ ಸಿಕ್ಕಿತು ಎಂದು ಬಹಳಷ್ಟು ಅಧ್ಯಾಪಕರು ನಂಬಿದ್ದಾರೆ. ಆದರೆ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಅನ್ನು ಕಣ್ಣು ಕಾಣದ ವಿದ್ಯಾರ್ಥಿ ತೆರೆದರೆ, ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಖಾಲಿ ಫೈಲ್ ಎನ್ನುತ್ತದೆ. ಅಲ್ಲಿರುವುದು ಬರೀ ಚಿತ್ರ. ಇಂಥ ಫೈಲ್‌ಗಳು ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತವೆ, ಪ್ರತಿ ಸಲವೂ ಬೇಸರವಾಗುತ್ತದೆ. ತಿದ್ದುವ ಕೆಲಸವನ್ನು ಪಿಡಿಎಫ್ ಮಾಡುವ ಮೊದಲು, ವರ್ಡ್‌ನಲ್ಲೇ ಮುಗಿಸಬೇಕು.

ಹಂತ 1: ಅಕ್ಷರ ಇದೆಯಾ ನೋಡಿ. ಒಂದು ಸಾಲನ್ನು ಮೌಸ್‌ನಿಂದ ಎಳೆದು ಸೆಲೆಕ್ಟ್ ಮಾಡಿ. ಆಗದಿದ್ದರೆ ಅದು ಚಿತ್ರ. ಒಸಿಆರ್ (ಚಿತ್ರದಲ್ಲಿರುವ ಬರಹವನ್ನು ಅಕ್ಷರವಾಗಿ ಬದಲಿಸುವ ತಂತ್ರಾಂಶ) ಬಳಸಿ, ಬಂದದ್ದನ್ನು ಪೂರ್ತಿ ಓದಿ ತಿದ್ದಿ. ಸಮೀಕರಣಗಳು ಜಾಸ್ತಿ ಕೆಡುತ್ತವೆ. ಕನ್ನಡ ನೋಟ್ಸ್ ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಸಂಕೇತ ಇರುವ ವ್ಯವಸ್ಥೆಯಲ್ಲಿ. ಹಳೆಯ ಫಾಂಟ್‌ಗಳಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಸ್ಕ್ರೀನ್ ರೀಡರ್ ಅವನ್ನೇ ಓದುತ್ತದೆ, ಒಂದು ಪದವೂ ಅರ್ಥವಾಗುವುದಿಲ್ಲ.

ಹಂತ 2: ಶೀರ್ಷಿಕೆಗಳು. ಹೆಚ್ಚಿನವರು ಎಡವುವುದು ಇಲ್ಲೇ. ಅಕ್ಷರ ದೊಡ್ಡದು ಮಾಡಿ, ಬೋಲ್ಡ್ ಮಾಡಿ ಬಿಟ್ಟುಬಿಡುತ್ತಾರೆ. ಸ್ಕ್ರೀನ್ ರೀಡರ್‌ಗೆ ಅದು ಇನ್ನೊಂದು ಪ್ಯಾರಾ ಅಷ್ಟೇ. 60 ಪುಟದ ಅಧ್ಯಾಯದಲ್ಲಿ ಬೇಕಾದ ಭಾಗವನ್ನು ನಾವು ಕಣ್ಣಾಡಿಸಿ ಹುಡುಕುತ್ತೇವೆ ಅಲ್ವಾ? ಕಿವಿಯಿಂದ ಓದುವವರು ಎಚ್ ಕೀ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಹಾರಲು ಏನೂ ಇಲ್ಲದಿದ್ದರೆ ಮೊದಲ ಪುಟದಿಂದ ಎಲ್ಲವನ್ನೂ ಕೇಳುತ್ತಾ ಕೂರಬೇಕು. ಹಾಗಾಗಿ ಸ್ಟೈಲ್ಸ್‌ಗೆ ಹೋಗಿ ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಅದರ ಭಾಗಗಳಿಗೆ ಹೆಡಿಂಗ್ 2, ಅದಕ್ಕೂ ಒಳಗಿನದಕ್ಕೆ ಹೆಡಿಂಗ್ 3 ಕೊಡಿ. ಕಂಟ್ರೋಲ್, ಆಲ್ಟ್ ಜೊತೆ 1, 2 ಅಥವಾ 3 ಒತ್ತಿದರೂ ಸಾಕು. 1ರಿಂದ ನೇರ 3ಕ್ಕೆ ಹೋಗಬೇಡಿ. ಹೆಡಿಂಗ್‌ನ ಬಣ್ಣ, ಗಾತ್ರ ಹಿಡಿಸದಿದ್ದರೆ ಮಾಡಿಫೈ ಒತ್ತಿ ಬದಲಿಸಿಕೊಳ್ಳಿ.

ಇಷ್ಟೆಲ್ಲ ಮಾಡಿ ಕೊನೆಗೆ ಪ್ರಿಂಟ್ ಒತ್ತಿ ಪಿಡಿಎಫ್ ಮಾಡುವವರಿದ್ದಾರೆ. ಆಗ ಹೆಡಿಂಗ್‌ಗಳೆಲ್ಲ ಉದುರಿಹೋಗುತ್ತವೆ! ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್‌ನಲ್ಲಿ 'ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆ್ಯಕ್ಸೆಸಿಬಿಲಿಟಿ' ಎಂಬಲ್ಲಿ ಟಿಕ್ ಇದೆಯೇ ನೋಡಿ. ನನ್ನನ್ನು ಕೇಳಿದರೆ ವರ್ಡ್ ಫೈಲನ್ನೂ ಜೊತೆಗೇ ಕೊಟ್ಟುಬಿಡಿ. ಅಕ್ಷರ ದೊಡ್ಡದು ಮಾಡಿಕೊಂಡು ಓದುವವರಿಗೆ ಅದೇ ಅನುಕೂಲ.

ಹಂತ 3: ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರಣೆ. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಸುಮ್ನೆ 'ಗ್ರಾಫ್' ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. 'ಪ್ರಬಲ ಆಮ್ಲಕ್ಕೆ ಪ್ರಬಲ ಪ್ರತ್ಯಾಮ್ಲ ಸೇರಿಸುತ್ತಾ ಹೋದಂತೆ ಪಿಎಚ್ ಮೊದಲು ನಿಧಾನವಾಗಿ ಏರುತ್ತದೆ, 7ರ ಆಸುಪಾಸಿನಲ್ಲಿ ಥಟ್ಟನೆ ಮೇಲಕ್ಕೇರಿ, ಆಮೇಲೆ ಮತ್ತೆ ನಿಧಾನವಾಗುತ್ತದೆ' ಎಂದು ಬರೆದರೆ ಗ್ರಾಫ್ ಹೇಳುವುದನ್ನೇ ಹೇಳಿದಂತಾಯಿತು. ತಾನಾಗಿ ತುಂಬಿಕೊಳ್ಳುವ ವಿವರಣೆಯನ್ನು ನಂಬಬೇಡಿ. ಅಂದಕ್ಕೆ ಹಾಕಿದ ಚಿತ್ರವಾದರೆ ಡೆಕೊರೇಟಿವ್ ಎಂದು ಗುರುತು ಹಾಕಿ.

ಹಂತ 4: ಟೇಬಲ್‌ನ ಮೊದಲ ಸಾಲನ್ನು ಹೆಡರ್ ಮಾಡಿ, ಸೆಲ್‌ಗಳನ್ನು ಮರ್ಜ್ ಮಾಡಬೇಡಿ. ಲಿಂಕ್‌ಗೆ 'ಇಲ್ಲಿ ಕ್ಲಿಕ್ ಮಾಡಿ' ಬದಲು 'ಎರಡನೇ ಘಟಕದ ನೋಟ್ಸ್' ಎಂದು ಬರೆಯಿರಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸದ ಅನುಪಾತ) ಕನಿಷ್ಠ 4.5:1 ಇರಲಿ, ತಿಳಿ ಬೂದು ಅಕ್ಷರ ಬೇಡವೇ ಬೇಡ.

ಹಂತ 5: ವಿಡಿಯೊ. ಕಿವಿ ಕೇಳದವರಿಗೆ ಕ್ಯಾಪ್ಶನ್ ಬೇಕು. ತಾನಾಗಿ ಬರುವ ಕ್ಯಾಪ್ಶನ್ ಪಾರಿಭಾಷಿಕ ಪದಗಳಲ್ಲಿ ತಪ್ಪುತ್ತದೆ, ಕೂತು ತಿದ್ದಿ.

ಒಂದು ಸಾಲಿನ ಕೋಡ್ ಹಾಕಿದರೆ ಇಡೀ ವೆಬ್‌ಸೈಟ್ ಸರಿಹೋಗುತ್ತದೆ ಎಂದು ಮಾರುವ ಓವರ್‌ಲೇ ವಿಜೆಟ್‌ಗಳಿಗೆ ವಿಶ್ವವಿದ್ಯಾಲಯ ದುಡ್ಡು ಸುರಿಯಬಾರದು. ಸ್ಕ್ಯಾನ್ ಪಿಡಿಎಫ್ ಅದರಿಂದ ಸರಿಯಾಗುವುದಿಲ್ಲ. ಎಷ್ಟೋ ಸಲ ಬಳಕೆದಾರರ ಸ್ವಂತ ಸ್ಕ್ರೀನ್ ರೀಡರ್‌ಗೇ ಅಡ್ಡ ಬರುತ್ತದೆ.

ಹಂತ 6: ವರ್ಡ್‌ನ ರಿವ್ಯೂನಲ್ಲಿ ಚೆಕ್ ಆ್ಯಕ್ಸೆಸಿಬಿಲಿಟಿ ಒತ್ತಿ. ಆಲ್ಟ್ ಟೆಕ್ಸ್ಟ್ ಇದೆಯೇ ಎಂದು ಅದು ಹೇಳುತ್ತದೆ, ಅದಕ್ಕೆ ಅರ್ಥವಿದೆಯೇ ಎಂದು ಹೇಳುವುದಿಲ್ಲ. ಅದಕ್ಕಾಗಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಮಾನಿಟರ್ ಆಫ್ ಮಾಡಿ, ಕೀಬೋರ್ಡ್‌ನಿಂದಲೇ ಮೂರನೇ ಶೀರ್ಷಿಕೆಗೆ ಹೋಗಿ ಅಲ್ಲಿನ ಟೇಬಲ್ ಓದಿಸಿ. ಎಲ್ಲಿ ದಾರಿ ತಪ್ಪುತ್ತದೋ ಅಲ್ಲಿ ಮತ್ತೆ ತಿದ್ದಿ.