ಕ್ರಿಸ್‌ಮಸ್ ಪುಟಾಣಿ ಊರಿಗೆ ಒಪ್ಪುವ ಮನೆಯನ್ನು ಆರಿಸುವುದು ಹೇಗೆ?

ನವೆಂಬರ್ ಮುಗಿಯುವ ಹೊತ್ತಿಗೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಪುಟ್ಟದೊಂದು ಊರು ಎದ್ದು ನಿಲ್ಲುತ್ತದೆ. ಒಳಗೆ ದೀಪ ಉರಿಯುವ ಪಿಂಗಾಣಿ ಮನೆಗಳು, ಚರ್ಚು, ಬೇಕರಿ, ಹಿಮ ಹೊದ್ದ ಮರಗಳು. ಇಂಥ ಊರನ್ನು ವರ್ಷಕ್ಕೊಂದು ಮನೆಯಂತೆ ಬೆಳೆಸುತ್ತಿರುವ ಗೆಳೆಯರಿಗೆ ಅಂಗಡಿಯಲ್ಲಿ ಚೆಂದ ಕಂಡದ್ದನ್ನು ಕೊಂಡೊಯ್ಯುವ ನಮ್ಮವರನ್ನು ನಾನು ಬಹಳ ಕಂಡಿದ್ದೇನೆ. ಮರುವರ್ಷ ಹೋಗಿ ನೋಡಿದರೆ ಆ ಮನೆ ಊರಿನಲ್ಲಿ ಇರುವುದಿಲ್ಲ, ಪೆಟ್ಟಿಗೆಯಲ್ಲಿರುತ್ತದೆ.

ಮೊದಲ ಹೆಜ್ಜೆ: ಎಷ್ಟು ಖರ್ಚು ಮಾಡುವಿರೆಂದು ನಿಶ್ಚಯಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಅವರದು ಯಾವ ಊರೆಂದು ತಿಳಿಯಿರಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಇಂಥ ಪುಟಾಣಿ ಮನೆಗಳನ್ನು ಹೊರತರುವ ಅಮೆರಿಕದ ಡಿಪಾರ್ಟ್‌ಮೆಂಟ್ 56 ಸಂಸ್ಥೆಯ ಮನೆಗಳೆಲ್ಲ ಒಂದೇ ಬಗೆಯವಲ್ಲ. 1976ರಲ್ಲಿ ಆರಂಭವಾದ ಸ್ನೋ ವಿಲೇಜ್ ಮಾಲೆಯ ಮನೆಗಳು ಮೆರುಗು ಹಚ್ಚಿದ ಸೆರಾಮಿಕ್‌ನವು, ಅಮೆರಿಕದ ಸಣ್ಣ ಪಟ್ಟಣದ ಚಹರೆಯವು. 1984ರಲ್ಲಿ ಬಂದ, ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಹೆಸರಿನ ಡಿಕನ್ಸ್ ವಿಲೇಜ್‌ನವು ಮೆರುಗಿಲ್ಲದ ಪಿಂಗಾಣಿಯವು, ವಿಕ್ಟೋರಿಯಾ ಕಾಲದ ಇಂಗ್ಲೆಂಡಿನವು. 1987ರ ಕ್ರಿಸ್‌ಮಸ್ ಇನ್ ದ ಸಿಟಿ ಮಾಲೆಯದು ಮಹಾನಗರದ ಬೀದಿ. 1990ರ ನಾರ್ತ್ ಪೋಲ್ ಮಾಲೆಯದು ಸಾಂತಾಕ್ಲಾಸ್‌ನ ನಾಡು. ಡಿಕನ್ಸ್ ಬೀದಿಯ ಮಂಕು ಇಟ್ಟಿಗೆ ಗೋಡೆಗಳ ನಡುವೆ ಹೊಳೆಯುವ ಸ್ನೋ ವಿಲೇಜ್ ಮನೆಯೊಂದನ್ನು ಇಟ್ಟರೆ, ಅದು ಎಷ್ಟೇ ಸುಂದರವಾಗಿದ್ದರೂ ಪರಕೀಯವಾಗಿಯೇ ಕಾಣುತ್ತದೆ. ಆದ್ದರಿಂದ ಅವರ ಮನೆಯವರೊಬ್ಬರನ್ನು ಗುಟ್ಟಾಗಿ ಕೇಳಿ, ಇರುವ ಮನೆಗಳ ತಳಭಾಗದ ಫೋಟೊ ತರಿಸಿಕೊಳ್ಳಿ; ಮಾಲೆಯ ಹೆಸರೂ ಕಟ್ಟಡದ ಹೆಸರೂ ಸಾಮಾನ್ಯವಾಗಿ ಅಲ್ಲಿಯೇ ಮುದ್ರಿತವಾಗಿರುತ್ತವೆ. ಹೀಗೆ ಮಾಡಿದರೆ ಇದ್ದದ್ದನ್ನೇ ಮತ್ತೆ ಕೊಡುವ ಮುಜುಗರವೂ ತಪ್ಪುತ್ತದೆ. ಇಷ್ಟಕ್ಕೆ ಬಿಡುವಿಲ್ಲದಿದ್ದರೆ ಮನೆಯ ಗೊಡವೆ ಬಿಟ್ಟು ಮರ, ಸೇತುವೆ ಅಥವಾ ಬೀದಿದೀಪ ಕೊಡಿ. ಅವು ಬಹುತೇಕ ಎಲ್ಲ ಊರಿಗೂ ಸಲ್ಲುತ್ತವೆ.

ಮೂರನೆಯ ಹೆಜ್ಜೆ: ಆಸಕ್ತಿಯನ್ನು ಹೊಂದಿಸಿ. ಆಸಕ್ತಿಯ ಹೆಸರನ್ನಲ್ಲ, ಅದನ್ನು ಅವರು ಅನುಭವಿಸುವ ಬಗೆಯನ್ನು ನೋಡಬೇಕು. ರೈಲನ್ನು ಮೆಚ್ಚುವವರಲ್ಲಿ ಎಂಜಿನ್ನಿನ ಮೋಹದವರು ಬೇರೆ, ಪ್ರಯಾಣದ ಮೋಹದವರು ಬೇರೆ. ಎರಡನೆಯವರಿಗೆ ನಿಲ್ದಾಣವೂ ಪೆಟ್ಟಿಗೆ ಹಿಡಿದು ಕಾಯುವ ಪ್ರಯಾಣಿಕರ ಗೊಂಬೆಗಳೂ ಪ್ರಿಯವಾಗುತ್ತವೆ. ನಿವೃತ್ತ ಶಿಕ್ಷಕಿಗೆ ಶಾಲೆಯ ಕಟ್ಟಡ ಕೊಡುವುದು ವಾಡಿಕೆ. ಆದರೆ ಅವರ ಬಿಡುವೆಲ್ಲ ಹೂದೋಟದಲ್ಲಿ ಕಳೆಯುತ್ತಿದ್ದರೆ ಹೂವಿನ ಅಂಗಡಿಯೇ ಲೇಸು. ಸಾಹಿತ್ಯಪ್ರಿಯರು ಡಿಕನ್ಸ್ ಊರನ್ನು ಕಟ್ಟುತ್ತಿದ್ದರೆ, ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯಿಂದ ಮೂಡಿ 1986ರಲ್ಲಿ ಬಂದ ಸ್ಕ್ರೂಜ್ ಮತ್ತು ಮಾರ್ಲಿ ಲೆಕ್ಕಮನೆಯನ್ನೋ (ಕೌಂಟಿಂಗ್ ಹೌಸ್) ಬಾಬ್ ಕ್ರ್ಯಾಚಿಟ್‌ನ ಗುಡಿಸಲನ್ನೋ ಹುಡುಕಿ ಕೊಡಿ. ಕಥೆಯನ್ನು ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆಯನ್ನು ನಾನರಿಯೆ.

ನಾಲ್ಕನೆಯ ಹೆಜ್ಜೆ: ಪರೀಕ್ಷಿಸಿ ಕೊಳ್ಳಿ. ತಯಾರಿಕೆ ನಿಂತ ಹಳೆಯ ಮನೆಯಾದರೆ ಚಿಮಣಿಯ ತುದಿಯನ್ನೂ ಸೂರಿನ ಅಂಚನ್ನೂ ಬೆರಳಿನಿಂದ ಸವರಿ ನೋಡಿ, ಮುಕ್ಕಾಗುವುದು ಅಲ್ಲಿಯೇ. ಮೂಲ ಪೆಟ್ಟಿಗೆ ಇರಲೇಬೇಕು, ಏಕೆಂದರೆ ವರ್ಷದ ಬಹುಪಾಲು ಮನೆ ಇರುವುದು ಅದರೊಳಗೆ. ಮನೆಯ ಜೊತೆಗೆ ಸಿಂಪಡಿಸುವ ಕೃತಕ ಹಿಮದ ಡಬ್ಬಿಯನ್ನು ಎಂದಿಗೂ ಕೊಡಬೇಡಿ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಬಿದ್ದರೆ ಅದನ್ನು ಬಿಡಿಸುವುದು ಬಹಳ ಕಷ್ಟ, ಹತ್ತಿಯ ಹಾಸೇ ಸಾಕು. ಬೆಂಗಳೂರಿಗೋ ಮೈಸೂರಿಗೋ ಒಯ್ಯುವುದಾದರೆ, ಅಮೆರಿಕದ ದೀಪದ ವೈರು 120 ವೋಲ್ಟಿನದು, ನಮ್ಮದು 230 ಎಂಬುದನ್ನು ಮರೆಯದಿರಿ. ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುವ ಅಗ್ಗದ ಅಡಾಪ್ಟರ್ ಹಾಕಿದರೆ ಬಲ್ಬು ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪವನ್ನು ಒಳಗಿಡಬೇಕು.

ಕೊನೆಯದಾಗಿ, ಉಡುಗೊರೆಯನ್ನು ಡಿಸೆಂಬರ್ 25ರವರೆಗೆ ಇಟ್ಟುಕೊಳ್ಳದೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿಯೇ ತಲುಪಿಸಿ. ಊರು ಕಟ್ಟುವುದು ಆಗ. ಕ್ರಿಸ್‌ಮಸ್ ದಿನ ಕೊಟ್ಟ ಮನೆಗೆ ಆ ವರ್ಷದ ಬೀದಿಯಲ್ಲಿ ಜಾಗ ಉಳಿದಿರುವುದಿಲ್ಲ.