ಥಾಯ್ ಮಸಾಜ್‌ಗೆ ಹೋಗ್ತೀರಾ? ಹಲ್ಲು ಕಚ್ಚಿ ಮಲಗಬೇಡಿ

ಬ್ಯಾಂಕಾಕ್‌ಗೆ ಮೊದಲ ಸಲ ಹೋದಾಗ ದಿನವಿಡೀ ದೇವಸ್ಥಾನ ಸುತ್ತಿ ಕಾಲು ಸೋತಿತ್ತು. ಸಂಜೆ ಬೀದಿ ಬದಿಯ ಒಂದು ಮಸಾಜ್ ಅಂಗಡಿಗೆ ನುಗ್ಗಿ, ಎರಡು ಗಂಟೆಯ ಮಸಾಜ್ ಬೇಕು ಎಂದೆ. ಮೀನಖಂಡದ ಮೇಲೆ ಮೊಣಕೈ ಊರಿದಾಗ ಕಣ್ಣಲ್ಲಿ ನೀರು ಬಂತು. ಇದು ಹೀಗೇ ಇರುತ್ತೇನೋ ಅಂದುಕೊಂಡು ಸುಮ್ಮನಿದ್ದೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಎರಡು ದಿನ ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು.

ಆಮೇಲೆ ಎಷ್ಟೋ ಸಲ ಮಾಡಿಸಿಕೊಂಡಿದ್ದೇನೆ. ಈಗ ನನಗೆ ಅದು ತುಂಬ ಇಷ್ಟ. ಬೆಂಗಳೂರಿನಿಂದ ನಾಲ್ಕು ಗಂಟೆಯ ವಿಮಾನ ಹತ್ತಿ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಮಸಾಜ್ ಮಾಡಿಸಿಕೊಳ್ಳುತ್ತಾರೆ. ನಾನು ಮಾಡಿದ ತಪ್ಪು ಅವರು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಏನು ಬೇಕು ಅಂತ ತೀರ್ಮಾನಿಸಿ

ಮಸಾಜ್ ಅಂದ ತಕ್ಷಣ ನಮಗೆ ಎಣ್ಣೆ ನೆನಪಾಗುತ್ತದೆ. ದೀಪಾವಳಿಯ ಎಣ್ಣೆ ಸ್ನಾನ ನೋಡಿ ಬೆಳೆದವರಲ್ವಾ? ಸಾಂಪ್ರದಾಯಿಕ ಥಾಯ್ ಮಸಾಜ್‌ನಲ್ಲಿ ಎಣ್ಣೆಯೇ ಇಲ್ಲ. ಅವರೇ ಕೊಡುವ ಸಡಿಲ ಹತ್ತಿ ಬಟ್ಟೆ ಹಾಕಿಕೊಂಡು ನೆಲದ ಹಾಸಿಗೆಯ ಮೇಲೆ ಮಲಗಬೇಕು. ಹೆಬ್ಬೆರಳು, ಅಂಗೈ, ಮೊಣಕೈ, ಮೊಣಕಾಲು, ಕೆಲವೊಮ್ಮೆ ಪಾದದಿಂದಲೂ ಒತ್ತುತ್ತಾರೆ. ನಡುನಡುವೆ ಕೈಕಾಲು ಹಿಡಿದು ಎಳೆದು, ಬಾಗಿಸಿ ಯೋಗಾಸನದ ಭಂಗಿಗಳಿಗೆ ತರುತ್ತಾರೆ. ನೀವು ಮೈ ಬಿಟ್ಟುಕೊಟ್ಟರೆ ಸಾಕು, ಆಸನ ಅವರೇ ಮಾಡಿಸುತ್ತಾರೆ.

ಎಣ್ಣೆಯೇ ಬೇಕಿದ್ದರೆ ಅದನ್ನು ಬೇರೆಯಾಗಿ ಕೇಳಿ. ಕಾಲು ಮಾತ್ರ ಸೋತಿದ್ದರೆ ಪಾದದ ಮಸಾಜ್ ಇದೆ. ಕುರ್ಚಿಗೆ ಒರಗಿ ಕೂತರಾಯಿತು, ಪುಟ್ಟ ಮರದ ಕಡ್ಡಿಯಿಂದ ಅಂಗಾಲನ್ನು ಒತ್ತುತ್ತಾರೆ. ವಿಮಾನ ಇಳಿದ ದಿನ ನಾನು ಇದನ್ನೇ ಮಾಡಿಸಿಕೊಳ್ಳುವುದು. ಚಿಯಾಂಗ್ ಮಾಯ್ ಕಡೆ ಹೋದರೆ ‘ಟೋಕ್ ಸೇನ್’ ಸಿಗುತ್ತದೆ. ಹುಣಸೆ ಮರದ ಬೆಣೆಯನ್ನು ಮೈಮೇಲಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವ ವಿಧಾನ ಅದು.

ಮೊದಲ ಸಲ ಒಂದು ಗಂಟೆ ಸಾಕು. ನಿಮಗೆ ಹೊಂದಿದರೆ ಇನ್ನೊಂದು ದಿನ ಎರಡು ಗಂಟೆಗೆ ಹೋಗಿ.

ಅಂಗಡಿ ಹೇಗೆ ಆರಿಸುವುದು

ಥಾಯ್ಲೆಂಡ್‌ನಲ್ಲಿ 2016ರ ಕಾಯ್ದೆಯ ಪ್ರಕಾರ ಸ್ಪಾ ಮತ್ತು ಮಸಾಜ್ ಅಂಗಡಿಗಳಿಗೆ ಪರವಾನಗಿ ಬೇಕು. ಗೋಡೆಯ ಮೇಲೆ ಅದು ಇದೆಯಾ ನೋಡಿ. ಹೊರಗೆ ದರಪಟ್ಟಿ ಇರಬೇಕು, ಒಳಗೆ ಹಾಸಿಗೆ, ಟವೆಲ್ ಶುಚಿಯಾಗಿರಬೇಕು. ಬೀದಿಯ ಅಂಗಡಿಗಳಲ್ಲಿ ಗಂಟೆಗೆ ಸುಮಾರು 300 ಬಾತ್ ಆಗುತ್ತದೆ. ದೊಡ್ಡ ಹೋಟೆಲಿನ ಸ್ಪಾಗಳಲ್ಲಿ ಇದರ ಹಲವು ಪಟ್ಟು. ಬೆಲೆ ಹೆಚ್ಚಾದರೆ ಕೋಣೆ ಚೆನ್ನಾಗಿರುತ್ತದೆ, ಆದರೆ ಒತ್ತುವ ಕೈಯೂ ಚೆನ್ನಾಗಿರುತ್ತದೆ ಅಂತ ಹೇಳಲಾಗದು. ಹೆಂಗಸರೇ ಮಾಡಬೇಕು ಅಥವಾ ಗಂಡಸರೇ ಮಾಡಬೇಕು ಅಂತಿದ್ದರೆ ಮೊದಲೇ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಮಸಾಜ್ ಹೆಸರಲ್ಲಿ ಬೇರೆ ವ್ಯಾಪಾರ ಮಾಡುವ ಜಾಗಗಳೂ ಇವೆ. ಆ ಕಾರಣಕ್ಕೆ ಎಲ್ಲರನ್ನೂ ಅದೇ ಕಣ್ಣಿನಿಂದ ನೋಡಿ ನಗುವ ಪ್ರವಾಸಿಗರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇದು ಕಲಿತು ಮಾಡುವ ವಿದ್ಯೆ. ಬ್ಯಾಂಕಾಕ್‌ನ ವಾಟ್ ಫೋ ದೇವಾಲಯಕ್ಕೆ ಹೋದರೆ ಗೊತ್ತಾಗುತ್ತದೆ. 46 ಮೀಟರ್ ಉದ್ದದ ಮಲಗಿದ ಬುದ್ಧ ಇರುವುದು ಅಲ್ಲೇ. 1830ರ ದಶಕದಲ್ಲಿ ಮೂರನೇ ರಾಮ ದೊರೆ ಆ ದೇವಾಲಯವನ್ನು ದುರಸ್ತಿ ಮಾಡಿಸಿದಾಗ, ವೈದ್ಯದ ತಿಳಿವಳಿಕೆಯನ್ನು ಕಲ್ಲಿನಲ್ಲಿ ಕೆತ್ತಿಸಿದ. ಮನುಷ್ಯನ ಮೈಯ ಚಿತ್ರ ಬಿಡಿಸಿ, ಎಲ್ಲೆಲ್ಲಿ ಒತ್ತಬೇಕು ಅಂತ ಗುರುತಿಸಿದ ಫಲಕಗಳು ಈಗಲೂ ಅಲ್ಲಿವೆ. 1955ರಲ್ಲಿ ಅಲ್ಲೇ ಶಾಲೆ ಶುರುವಾಯಿತು. ಆವರಣದಲ್ಲಿಯೇ ಮಸಾಜ್ ಮಾಡುತ್ತಾರೆ. ಬೀದಿಯ ದರಕ್ಕಿಂತ ಸ್ವಲ್ಪ ಜಾಸ್ತಿ, ಕೆಲವೊಮ್ಮೆ ಕಾಯಬೇಕು. ಆದರೂ ಮೊದಲ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. 2019ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮಗೂ ಇದಕ್ಕೂ ನಂಟಿದೆ. ಬಿಂಬಿಸಾರನ ಆಸ್ಥಾನದಲ್ಲಿದ್ದು ಬುದ್ಧನಿಗೂ ವೈದ್ಯನಾಗಿದ್ದ ಜೀವಕನನ್ನು ಥಾಯ್ ಮಸಾಜ್‌ನವರು ಗುರು ಅಂತ ಪೂಜಿಸುತ್ತಾರೆ. ಈ ಗುರುವಂದನೆಗೆ ಅವರು ‘ವಾಯ್ ಖ್ರೂ’ ಅನ್ನುತ್ತಾರೆ. ಆ ‘ಖ್ರೂ’ ನಮ್ಮ ‘ಗುರು’ವೇ. ಮೈಯಲ್ಲಿ ‘ಸೇನ್’ ಎಂಬ ಹತ್ತು ಮುಖ್ಯ ದಾರಿಗಳಿವೆ ಅಂತ ಅವರ ನಂಬಿಕೆ. ಅವುಗಳಲ್ಲಿ ಮೂರರ ಹೆಸರು ಕೇಳಿ: ಇಥಾ, ಪಿಂಗ್‌ಖಲಾ, ಸುಮನಾ. ನಮ್ಮ ಯೋಗದ ಇಡಾ, ಪಿಂಗಳಾ, ಸುಷುಮ್ನಾ ನೆನಪಾಗಲಿಲ್ಲವೇ?

ಮಲಗುವ ಮೊದಲು ಹೇಳಬೇಕಾದ್ದು

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಅಥವಾ ಹಿಡಿತಕ್ಕೆ ಬಾರದ ಬಿಪಿ ಇರುವವರು, ಮೂಳೆ ಸವೆದವರು, ಇತ್ತೀಚೆಗೆ ಆಪರೇಷನ್ ಆದವರು, ಬಸುರಿಯರು ಊರಲ್ಲೇ ತಮ್ಮ ಡಾಕ್ಟರನ್ನು ಕೇಳಿ ಹೊರಡಬೇಕು. ಜ್ವರ ಇದ್ದರೆ ಹೋಗಲೇಬೇಡಿ. ಉದ್ದ ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಗುರುತಾಗಿರಬಹುದು. ಅದನ್ನು ಒತ್ತಿಸಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ತೊಡೆಸಂದಿನ ರಕ್ತನಾಳವನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಬಿಡುವ ಕ್ರಮವೊಂದಿದೆ. ಬಿಟ್ಟಾಗ ಕಾಲಿಗೆ ಬಿಸಿ ಹರಿದಂತೆ ಆಗುತ್ತದೆ. ಹೃದಯದ ತೊಂದರೆ, ಬಿಪಿ ಇರುವವರಿಗೆ ಇದು ಬೇಡ. ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವುದನ್ನು ಯಾರೂ ಒಪ್ಪಬೇಡಿ. ನನ್ನ ಕುತ್ತಿಗೆ ಮುಟ್ಟಿ ತೋರಿಸಿ, ತಿರುಗಿಸುವ ಸನ್ನೆ ಮಾಡಿ, ಬೇಡ ಅಂತ ಕೈಯಾಡಿಸುತ್ತೇನೆ. ಭಾಷೆ ಬಾರದಿದ್ದರೂ ಎಲ್ಲರಿಗೂ ಅರ್ಥವಾಗಿದೆ.

ಹೊಟ್ಟೆ ತುಂಬ ಊಟ ಮಾಡಿ ಹೋಗಬೇಡಿ, ಬೋರಲು ಮಲಗಲು ಆಗುವುದಿಲ್ಲ. ಒಂದೂವರೆ ಗಂಟೆ ಬಿಟ್ಟು ಹೋಗಿ.

ಮಸಾಜ್ ನಡೆಯುವಾಗ

ಮೊದಲು ಕಾಲು ತೊಳೆಯುತ್ತಾರೆ. ಆಮೇಲೆ ಪಾದದಿಂದ ಶುರು. ಕಾಲಿಗೇ ಬಹಳ ಸಮಯ ಕೊಡುತ್ತಾರೆ, ಬೆನ್ನು ಯಾವಾಗ ಅಂತ ಅವಸರ ಬೇಡ. ಕೊನೆಗೆ ಎಬ್ಬಿಸಿ ಕೂರಿಸಿ ಭುಜ, ತಲೆ ಒತ್ತಿ ಮುಗಿಸುತ್ತಾರೆ.

ಮೂರು ಮಾತು ಕಲಿತಿರಿ. ‘ಬಾವ್ ಬಾವ್’ ಅಂದರೆ ಮೆಲ್ಲಗೆ. ‘ನಕ್’ ಅಂದರೆ ಜೋರಾಗಿ. ‘ಜೆಪ್’ ಅಂದರೆ ನೋವು. ಒತ್ತಿದಾಗ ಹಿತವಾದ ನೋವು ಬರುತ್ತದೆ, ಅದು ಸರಿ. ಉಸಿರು ಬಿಗಿಹಿಡಿಯುವಂತಾದರೆ, ಚುಚ್ಚಿದಂತಾದರೆ, ಜುಮ್ಮೆಂದರೆ ತಕ್ಷಣ ‘ಜೆಪ್’ ಅನ್ನಿ. ದುಡ್ಡು ಕೊಟ್ಟಿದ್ದೇವೆ ಅಂತ ಸಹಿಸುವುದು ಬೇಡ. ನಿಮ್ಮ ಮೈ ಹೇಗಿದೆ ಅಂತ ಅವರ ಬೆರಳಿಗೆ ಅರ್ಧ ಗೊತ್ತಾಗುತ್ತದೆ, ಉಳಿದರ್ಧ ನೀವೇ ಹೇಳಬೇಕು. ಈಗ ನಾನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡುತ್ತೇನೆ. ಅಲ್ಲಿಂದ ಮುಂದೆ ಮೈ ತಾನಾಗಿಯೇ ಸಡಿಲವಾಗುತ್ತದೆ.

ಫೋನ್ ಸದ್ದು ಆಫ್ ಮಾಡಿ. ಪಕ್ಕದ ಹಾಸಿಗೆಯಲ್ಲಿ ಮನೆಯವರೇ ಇದ್ದರೂ ಮಾತು ಕಡಿಮೆ ಇರಲಿ. ಮಾಡುವವರು ನಿಮಗಿಂತ ಹಿರಿಯರಾದರೆ ‘ಪೀ’ ಅಂತ ಕರೆಯಿರಿ. ನಮ್ಮಲ್ಲಿ ಅಕ್ಕ, ಅಣ್ಣ ಅಂದ ಹಾಗೆ.

ಮುಗಿದ ಮೇಲೆ ಒಂದು ಲೋಟ ಬಿಸಿ ಕಷಾಯ ಕೊಡುತ್ತಾರೆ. ಕೆಲವು ಕಡೆ ಶುಂಠಿಯದು, ಕೆಲವು ಕಡೆ ಒಣಗಿಸಿದ ಬಿಲ್ವದ ಕಾಯಿಯದು. ತಟ್ಟನೆ ಏಳದೆ ಕೂತು ಕುಡಿಯಿರಿ, ಕೆಲವರಿಗೆ ತಲೆ ಸುತ್ತುತ್ತದೆ. 50ರಿಂದ 100 ಬಾತ್ ಟಿಪ್ಸ್ ಅನ್ನು ಮಾಡಿದವರ ಕೈಗೇ ಕೊಡಿ.

ಮೂಲಿಕೆ ಉಂಡೆ ಮನೆಗೂ ತನ್ನಿ

ಮಸಾಜ್ ಜೊತೆ ‘ಲೂಕ್ ಪ್ರಕೋಪ್’ ಅಂತ ಇದ್ದರೆ ಸೇರಿಸಿಕೊಳ್ಳಿ. ಶುಂಠಿ ಜಾತಿಯ ‘ಪ್ಲಾಯ್’ ಗೆಡ್ಡೆ, ಅರಿಶಿನ, ಮಜ್ಜಿಗೆ ಹುಲ್ಲು, ಹುಣಸೆ ಎಲೆ, ಕರ್ಪೂರ ಎಲ್ಲ ಸೇರಿಸಿ ಬಟ್ಟೆಯಲ್ಲಿ ಕಟ್ಟಿದ ಉಂಡೆ ಅದು. ಹಬೆಯಲ್ಲಿ ಬಿಸಿ ಮಾಡಿ ಮೈಗೆ ಒತ್ತುತ್ತಾರೆ. ಒಣಗಿಸಿದ ಉಂಡೆಗಳು ಅಂಗಡಿಯಲ್ಲೂ ಸಿಗುತ್ತವೆ. ಅಮ್ಮನ ಭುಜದ ನೋವಿಗೆ ಅಂತ ನಾನು ಎರಡು ತಂದಿದ್ದೆ. ಉಂಡೆಯನ್ನು ನೀರಲ್ಲಿ ಒದ್ದೆ ಮಾಡಿ, ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಹಬೆಗೆ ಇಡಿ. ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ಬಿಸಿ ನೋಡಿಕೊಂಡೇ ಒತ್ತಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಿಳಿಯುವುದಿಲ್ಲ, ಅವರ ಪಾದಕ್ಕೆ ಬೇಡ. ಅರಿಶಿನದ ಕಲೆ ಹೋಗುವುದಿಲ್ಲ, ಹಳೆ ಟವೆಲ್ ಹಾಸಿಕೊಳ್ಳಿ. ಒತ್ತಿ ಮುಗಿದ ಮೇಲೆ ಫ್ರಿಜ್‌ನಲ್ಲಿಟ್ಟರೆ ಇನ್ನೂ ಎರಡು ಮೂರು ಸಲ ಬರುತ್ತದೆ. ಪರಿಮಳ ಹೋದ ಮೇಲೆ ಬಿಚ್ಚಿ ಗಿಡದ ಬುಡಕ್ಕೆ ಹಾಕಿ.